ಗಡಿ ಎಲ್ಲಿ ಬಂತು?

ಮನೆಯವರೆಲ್ಲ ಸೇರಿ ವಿದೇಶ ಸುತ್ತಲು ಹೊರಟಾಗ, ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುವ ದಿನಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ಪಟ್ಟಿಯಲ್ಲಿ ಬೇರೆ ದಿನಗಳ ಎದುರು ಸರೋವರ, ಬೆಟ್ಟ, ಮ್ಯೂಸಿಯಂ ಅಂತ ಸಾಲು ಸಾಲು ಇರುತ್ತದೆ. ಆ ದಿನದ ಎದುರು ‘ಪ್ರಯಾಣ’ ಅಂತ ಬರೆದು ಮುಗಿಸುತ್ತೇವೆ. ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನಿಂದ ಇಟಲಿಯ ಮಿಲಾನ್‌ಗೆ ಹೋಗುವ ದಿನ ನಮ್ಮ ಪಟ್ಟಿಯಲ್ಲೂ ಹಾಗೇ ಇತ್ತು. ಆದರೆ ಆ ಪ್ರವಾಸದಲ್ಲಿ ನಾನು ಮನಸ್ಸು ತುಂಬಿ ನೆನೆಯುವುದು ಅದೇ ದಿನವನ್ನು.

ಅಣ್ಣನಿಗೆ ವಿಮಾನವೇ ಬೇಕಿತ್ತು. ಒಂದು ಗಂಟೆಯೊಳಗೆ ಮುಗಿಯುವ ಹಾರಾಟ, ಸುಮ್ನೆ ಯಾಕೆ ರೈಲಿನಲ್ಲಿ ಕೂರುವುದು ಅನ್ನುವುದು ಅವನ ವಾದ. ನಾನು ಒಪ್ಪಲಿಲ್ಲ. ನಾವಿದ್ದದ್ದು ಹನ್ನೊಂದು ಜನ. ದೊಡ್ಡಮ್ಮನಿಗೆ ಮಂಡಿ ನೋವು, ಅತ್ತಿಗೆಯ ತೋಳಲ್ಲಿ ಮೂರು ವರ್ಷದ ಪುಟ್ಟಿ. ಎರಡು ಏರ್‌ಪೋರ್ಟ್, ಬ್ಯಾಗ್ ತೂಕ, ತಪಾಸಣೆಯ ಸಾಲು ಎಲ್ಲ ಸೇರಿಸಿದರೆ ಆ ಒಂದು ಗಂಟೆ ಅರ್ಧ ದಿನವಾಗುತ್ತದೆ. ರೈಲಿನಲ್ಲಿ ಸುಮಾರು ಮೂರೂವರೆ ಗಂಟೆ. ಊರ ನಡುವೆ ಹತ್ತಿ ಊರ ನಡುವೆಯೇ ಇಳಿಯಬಹುದು. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಇದರಲ್ಲಿ ಎರಡನೇ ಮಾತೇ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದು ವಿಷಯ ಮಾತ್ರ ಮರೆಯಬಾರದು. ಸ್ವಿಟ್ಜರ್ಲೆಂಡ್‌ನ ಒಳಗೆ ಓಡಾಡಲು ಸಾಮಾನ್ಯವಾಗಿ ಸೀಟು ಕಾದಿರಿಸಬೇಕಿಲ್ಲ. ಆದರೆ ಇಟಲಿಗೆ ದಾಟುವ ಈ ರೈಲಿನಲ್ಲಿ ಕಾದಿರಿಸುವುದು ಕಡ್ಡಾಯ.

ಜ್ಯೂರಿಕ್‌ನ ಮುಖ್ಯ ನಿಲ್ದಾಣದ ದೊಡ್ಡ ಹಾಲ್‌ನಲ್ಲಿ ಚಾವಣಿಯಿಂದ ಭಾರಿ ಗಾತ್ರದ ಬಣ್ಣಬಣ್ಣದ ದೇವತೆಯೊಂದು ತೂಗುತ್ತಿದೆ. ನಿಕಿ ದ ಸಾಂ ಫಾಲ್ ಎಂಬ ಕಲಾವಿದೆ ಮಾಡಿದ ಶಿಲ್ಪ ಅದು. ‘ಯಾರಾದರೂ ಗುಂಪಿನಿಂದ ತಪ್ಪಿಸಿಕೊಂಡರೆ ಇದರ ಕೆಳಗೆ ಬಂದು ನಿಲ್ಲಿ’ ಅಂತ ಎಲ್ಲರಿಗೂ ಹೇಳಿಟ್ಟಿದ್ದೆ. ಯಾರೂ ತಪ್ಪಿಸಿಕೊಳ್ಳಲಿಲ್ಲ. ಆದರೂ ಹಾಗೊಂದು ಜಾಗ ಗೊತ್ತಿದ್ದದ್ದರಿಂದ ಅಮ್ಮ ನೆಮ್ಮದಿಯಾಗಿ ಅತ್ತಿತ್ತ ಓಡಾಡಿಕೊಂಡಿದ್ದರು. ಅಲ್ಲಿನ ಪ್ಲಾಟ್‌ಫಾರಂಗಳಲ್ಲಿ ಎ, ಬಿ, ಸಿ, ಡಿ ಅಂತ ಭಾಗಗಳ ಗುರುತು ಇರುತ್ತದೆ. ನಮ್ಮ ಬೋಗಿ ಯಾವ ಅಕ್ಷರದ ಹತ್ತಿರ ನಿಲ್ಲುತ್ತದೆ ಅಂತ ನೋಡಿಕೊಂಡರೆ ಬ್ಯಾಗ್ ಎಳೆದುಕೊಂಡು ಓಡುವ ಕಷ್ಟವಿಲ್ಲ. ನಮ್ಮ ಸೀಟುಗಳು ಎರಡು ಬೋಗಿಗಳಲ್ಲಿ ಹಂಚಿಹೋಗಿದ್ದವು. ಅಣ್ಣನ ಮನೆಯವರು ಪಕ್ಕದ ಬೋಗಿಗೆ ಹೋದರು. ದೊಡ್ಡಪ್ಪ, ದೊಡ್ಡಮ್ಮ, ಅಮ್ಮ ನನ್ನ ಜೊತೆ ಕೂತರು.

ಹೊರಡುವ ಮೊದಲೇ ದೊಡ್ಡಪ್ಪ ಕೇಳಿದರು, ‘ಗಡಿ ಬಂದಾಗ ಹೇಳ್ತೀಯಾ? ನಾನು ನೋಡಬೇಕು.’

ರೈಲು ದಕ್ಷಿಣಕ್ಕೆ ಹೋಗುವಾಗ ಬಲಗಡೆ ಕೂರಬೇಕು. ತ್ಸುಗ್ ಸರೋವರ ಆ ಬದಿಗೇ ಬರುತ್ತದೆ. ಆಮೇಲೆ ಲುಸರ್ನ್ ಸರೋವರದ ದಕ್ಷಿಣದ ತೋಳೂ ಅಲ್ಲೇ. ನೀರಿಗೆ ಅಂಟಿಕೊಂಡೇ ರೈಲು ಓಡುತ್ತದೆ, ಎದುರು ದಡದಲ್ಲಿ ಬೆಟ್ಟ ನೀರಿನಿಂದಲೇ ನೆಟ್ಟಗೆ ಎದ್ದಿರುತ್ತದೆ. ಅಮ್ಮ ಫೋಟೋ ತೆಗೆಯುವುದನ್ನು ಬಿಟ್ಟು ಕಿಟಕಿಗೆ ಹಣೆ ಒತ್ತಿ ಕೂತರು.

ಎರ್ಸ್ಟ್‌ಫೆಲ್ಡ್ ಹತ್ತಿರ ಬೆಳಕು ಕಡಿದು ಹೋಯಿತು. ಗೊಟ್‌ಹಾರ್ಡ್ ಬೇಸ್ ಸುರಂಗ. 57 ಕಿಲೋಮೀಟರ್ ಉದ್ದ, ಜಗತ್ತಿನ ಅತಿ ಉದ್ದದ ರೈಲು ಸುರಂಗ. 2016ರ ಜೂನ್‌ನಲ್ಲಿ ಉದ್ಘಾಟನೆಯಾಯಿತು. ಅದನ್ನು ಕೊರೆಯಲು ಮತ್ತು ಕಟ್ಟಲು 17 ವರ್ಷ ಹಿಡಿಯಿತು. ಒಳಗಿರುವುದು ಇಪ್ಪತ್ತು ನಿಮಿಷದ ಆಸುಪಾಸು. ಕಿಟಕಿಯಲ್ಲಿ ನಮ್ಮ ಮುಖಗಳಷ್ಟೇ ಕಾಣುತ್ತವೆ. ಹೆಚ್ಚಿನವರು ಆಗ ಮೊಬೈಲ್ ತೆಗೆಯುತ್ತಾರೆ. ದೊಡ್ಡಪ್ಪ ಮಾತ್ರ ನೇರ ಕೂತರು. ರಸ್ತೆ ಇಂಜಿನಿಯರ್ ಆಗಿ ಕೆಲಸ ಮಾಡಿ ನಿವೃತ್ತರಾದವರು ಅವರು. ಈ ಸುರಂಗದ ಬಗ್ಗೆ ಹೊರಡುವ ಮುಂಚೆಯೇ ಓದಿಕೊಂಡಿದ್ದರು.

‘ಈಗ ನಮ್ಮ ತಲೆ ಮೇಲೆ ಎಷ್ಟು ಬಂಡೆ ಇದೆ ಗೊತ್ತಾ? ಒಂದು ಕಡೆ 2300 ಮೀಟರ್. ಅಷ್ಟು ಆಳದಲ್ಲಿ ಬಂಡೆಯೇ ಬಿಸಿ, 45 ಡಿಗ್ರಿ ದಾಟುತ್ತದೆ. ತಂಪು ಗಾಳಿ ಹಾಯಿಸಿಕೊಂಡೇ ಕೆಲಸ ಮಾಡಬೇಕಿತ್ತು’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಒಂಬತ್ತು ಜನ ಕೆಲಸಗಾರರು ಸತ್ತರು’ ಅಂದರು. ಇದಕ್ಕೂ ಮೇಲೆ, ಬೆಟ್ಟದಲ್ಲಿ ಹಳೆಯ ಸುರಂಗವೊಂದಿದೆ. 15 ಕಿಲೋಮೀಟರ್ ಉದ್ದದ್ದು, 1882ರಲ್ಲಿ ರೈಲು ಓಡಾಟ ಶುರುವಾದದ್ದು. ಅದನ್ನು ಕಟ್ಟುವಾಗ ಸುಮಾರು ಇನ್ನೂರು ಜನ ಸತ್ತರು. ಕೆಲಸ ವಹಿಸಿಕೊಂಡಿದ್ದ ಲೂಯಿ ಫಾವ್ರ್ ಕೂಡ ಸುರಂಗ ಪೂರ್ತಿಯಾಗುವ ಮುನ್ನವೇ, 1879ರಲ್ಲಿ, ಅದರೊಳಗೇ ಕುಸಿದು ತೀರಿಕೊಂಡರು.

ದೊಡ್ಡಪ್ಪ ಇಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಮನೆಯಲ್ಲಿ ಅವರದು ಒಂದೆರಡು ಮಾತು, ಪೇಪರ್, ಅಷ್ಟೇ. ಊರು ನೋಡುವ ದಿನಗಳಲ್ಲಿ ಅವರು ಎಲ್ಲರಿಗಿಂತ ಹಿಂದೆ ಇರುತ್ತಿದ್ದರು, ನಾವು ಮುಂದೆ ಓಡುತ್ತಿದ್ದೆವು. ಇಲ್ಲಿ ಓಡುವುದಕ್ಕೆ ಯಾರಿಗೂ ಜಾಗವಿಲ್ಲ. ಅಣ್ಣನ ಮಗ ಪಕ್ಕದ ಬೋಗಿಯಿಂದ ಬಂದು ಅವರ ಕಾಲ ಬಳಿ ಬ್ಯಾಗ್ ಮೇಲೆ ಕೂತ. ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದ. ದೊಡ್ಡಪ್ಪ ಒಂದಕ್ಕೂ ಬೇಸರಪಡಲಿಲ್ಲ.

ಬೋಡಿಯೊ ಹತ್ತಿರ ಹೊರಗೆ ಬಂದರೆ ಬಿಸಿಲೇ ಬೇರೆ. ಮನೆಗಳು ಕಲ್ಲಿನವು. ನಿಲ್ದಾಣದ ಫಲಕಗಳು ಇಟಾಲಿಯನ್‌ನಲ್ಲಿ. ‘ಇಟಲಿ ಬಂತಾ? ಗಡಿ ಹೋಯ್ತಾ?’ ಅಂತ ದೊಡ್ಡಪ್ಪ ಗಾಬರಿಯಾದರು. ಇಲ್ಲ, ಇದಿನ್ನೂ ಸ್ವಿಟ್ಜರ್ಲೆಂಡೇ. ಟಿಚಿನೊ ಎಂಬ ರಾಜ್ಯ, ಇಲ್ಲಿನ ಭಾಷೆ ಇಟಾಲಿಯನ್. ಭಾಷೆ ಬೆಟ್ಟದ ಹತ್ತಿರವೇ ಬದಲಾಗಿಬಿಡುತ್ತದೆ, ದೇಶ ಮಾತ್ರ ಇನ್ನೂ ಮುಂದೆ ಬದಲಾಗುತ್ತದೆ. ಬೆಲಿಂಜೋನಾದ ಕೋಟೆಗಳು ಕಂಡವು. ಅಲ್ಲಿರುವ ಮೂರು ಕೋಟೆಗಳೂ ಯುನೆಸ್ಕೋ ಪಟ್ಟಿಯಲ್ಲಿವೆ. ಲುಗಾನೊ ದಾಟಿದ ಮೇಲೆ ಸರೋವರದ ನಡುವೆ ಕಟ್ಟಿದ ಒಡ್ಡಿನ ಮೇಲೆ ರೈಲು ಹೋಯಿತು. ಪುಟ್ಟಿ ಎರಡೂ ಬದಿಯ ನೀರು ನೋಡಿ ಚಪ್ಪಾಳೆ ತಟ್ಟಿದಳು.

ಆಮೇಲೆ ಕಿಯಾಸ್ಸೊ. ಸ್ವಿಟ್ಜರ್ಲೆಂಡ್‌ನ ಕೊನೆಯ ನಿಲ್ದಾಣ. ಎಲ್ಲರ ಪಾಸ್‌ಪೋರ್ಟ್ ಕೈಗೆ ತೆಗೆದುಕೊಂಡೆ. ಗಡಿ ತಪಾಸಣೆ ಇಲ್ಲದೆ ಓಡಾಡಲು ಯುರೋಪಿನ ದೇಶಗಳು ಮಾಡಿಕೊಂಡ ಷೆಂಗೆನ್ ಒಪ್ಪಂದದೊಳಗೆ ಸ್ವಿಟ್ಜರ್ಲೆಂಡ್ 2008ರ ಡಿಸೆಂಬರ್‌ನಿಂದ ಇದೆ. ಹಾಗಾಗಿ ಇಲ್ಲಿ ಪಾಸ್‌ಪೋರ್ಟ್‌ಗೆ ಮಾಮೂಲಿ ತಪಾಸಣೆ ಇಲ್ಲ, ಮುದ್ರೆಯೂ ಇಲ್ಲ. ಆದರೆ ಅದು ಐರೋಪ್ಯ ಒಕ್ಕೂಟದ ಸದಸ್ಯ ದೇಶವಲ್ಲ, ಸುಂಕದ ಗಡಿ ಇದ್ದೇ ಇದೆ. ಬೇಕೆನಿಸಿದರೆ ಯಾರನ್ನಾದರೂ ನಿಲ್ಲಿಸಿ ಕೇಳಬಹುದು. ಸಮವಸ್ತ್ರದ ಇಬ್ಬರು ಬೋಗಿಯೊಳಗೆ ನಡೆದು ಹೋದರು. ನಮ್ಮ ಕಡೆ ಒಮ್ಮೆ ನೋಡಿದರು, ಏನೂ ಕೇಳಲಿಲ್ಲ. ‘ಇಷ್ಟೇನಾ?’ ಅಂದರು ದೊಡ್ಡಮ್ಮ. ವೀಸಾಕ್ಕಾಗಿ ಅವರು ಎಷ್ಟೊಂದು ಕಾಗದ ಜೋಡಿಸಿದ್ದರು!

ದೊಡ್ಡಪ್ಪ ಮಾತ್ರ ಹೊರಗಿನ ತಂತಿ ನೋಡುತ್ತಿದ್ದರು. ಗಡಿ ನಿಜವಾಗಿ ಇರುವುದು ಅಲ್ಲಿ ಅಂದರು. ಸ್ವಿಸ್ ರೈಲಿನ ತಂತಿಯಲ್ಲಿ 15,000 ವೋಲ್ಟ್ ಎಸಿ ವಿದ್ಯುತ್. ಇಟಲಿಯ ಈ ಮಾರ್ಗದಲ್ಲಿ 3,000 ವೋಲ್ಟ್ ಡಿಸಿ. ಎರಡನ್ನೂ ಬಳಸಿಕೊಳ್ಳುವಂತೆ ಮಾಡಿದ ರೈಲಾದ್ದರಿಂದ ನಾವು ಕೂತಲ್ಲೇ ಕೂತಿದ್ದೆವು.

ಕಿಯಾಸ್ಸೊ ಬಿಟ್ಟ ಕೂಡಲೇ ಮತ್ತೊಂದು ಸುರಂಗ. ಅದರಿಂದ ಹೊರಬಂದರೆ ಕೋಮೊ, ಇಟಲಿ. ಒಬ್ಬೊಬ್ಬರ ಮೊಬೈಲೂ ಹೊಸ ನೆಟ್‌ವರ್ಕ್ ಸಿಕ್ಕಿತೆಂದು ಗುಂಯ್‌ಗುಟ್ಟಿತು. ಗಡಿ ಕತ್ತಲಲ್ಲೇ ಹೋಗಿಬಿಟ್ಟಿತ್ತು. ದೊಡ್ಡಪ್ಪನಿಗೆ ತೋರಿಸಲಾಗಲಿಲ್ಲವಲ್ಲ ಅಂತ ನನಗೆ ನಿಜಕ್ಕೂ ಬೇಜಾರಾಯಿತು. ಅವರಿಗೆ ಆಗಿರಲಿಲ್ಲ. ಅಣ್ಣನ ಮಗನಿಗೆ ಎಸಿ, ಡಿಸಿ ವ್ಯತ್ಯಾಸ ಬಿಡಿಸಿ ಹೇಳುವುದರಲ್ಲೇ ಇದ್ದರು.

ಮಿಲಾನ್ ಸೆಂಟ್ರಾಲೆ ನಿಲ್ದಾಣ 1931ರಲ್ಲಿ ಶುರುವಾದದ್ದು. ಪ್ಲಾಟ್‌ಫಾರಂಗಳ ಮೇಲೆ ಉಕ್ಕಿನ ಭಾರಿ ಕಮಾನುಗಳು. ಇಲ್ಲಿ ಜನ ಜಾಸ್ತಿ, ಬ್ಯಾಗ್‌ಗಳ ಮೇಲೆ ಕಣ್ಣಿಡಬೇಕು. ದೊಡ್ಡಮ್ಮನ ವೇಗಕ್ಕೇ ಎಲ್ಲರೂ ನಡೆದೆವು.

ಗಡಿಯಲ್ಲಿ ಯಾರೂ ಕೇಳದ ಪಾಸ್‌ಪೋರ್ಟನ್ನು ಹೋಟೆಲ್ ಕೌಂಟರ್‌ನಲ್ಲಿ ಕೇಳಿದರು, ಪುಟ್ಟಿಯದನ್ನೂ ಬಿಡಲಿಲ್ಲ. ತಂಗುವ ಪ್ರತಿಯೊಬ್ಬರ ವಿವರವನ್ನೂ ಹೋಟೆಲ್‌ನವರು ಪೊಲೀಸರಿಗೆ ಕೊಡಬೇಕು ಅನ್ನುವುದು ಇಟಲಿಯ ಕಾನೂನು. ಇದಕ್ಕೆ ಸಮಯ ಹಿಡಿಯುತ್ತದೆ. ಅಷ್ಟರಲ್ಲಿ ಪುಟ್ಟಿ ಸೋಫಾದಲ್ಲಿ ನಿದ್ದೆ ಹೋಗಿದ್ದಳು. ಸಂಜೆ ಕೆಥೆಡ್ರಲ್ ನೋಡುವ ಕಾರ್ಯಕ್ರಮವನ್ನು ಅಣ್ಣನೇ ಮರುದಿನಕ್ಕೆ ಹಾಕಿದ. ಅದು ಒಳ್ಳೆಯದೇ ಆಯಿತು.

ಈಗ ದೊಡ್ಡಪ್ಪನಿಗೆ ಆ ಹಳೆಯ ಸುರಂಗದ ಬೆಟ್ಟದ ಹಾದಿಯಲ್ಲಿ ಹೋಗಬೇಕಂತೆ. ಆ ಹಾದಿಯಲ್ಲಿ ರೈಲು ಸುತ್ತುತ್ತಾ ಮೇಲೇರುವುದರಿಂದ ವಾಸೆನ್ ಹಳ್ಳಿಯ ಒಂದೇ ಚರ್ಚು ಮೂರು ಬಾರಿ, ಮೂರು ಎತ್ತರದಲ್ಲಿ ಕಾಣುತ್ತದೆ. ಅಲ್ಲಿ ಈಗಲೂ ರೈಲು ಓಡುತ್ತಿದೆ. ವೇಳಾಪಟ್ಟಿಯನ್ನು ಅವರೇ ಹುಡುಕಿ ನನಗೆ ಕಳಿಸಿದ್ದಾರೆ. ಮುಂದಿನ ಸಲ ಅದಕ್ಕೆ ಇಡೀ ಒಂದು ದಿನ ಇಡೋಣ ಅಂದಿದ್ದೇನೆ.