ಆ ಬರಿ ತಂತಿಯನ್ನು ಸುಮ್ನೆ ಕತ್ತರಿಸಬೇಡಿ

ಲಿಫ್ಟ್ ಓಡಿದಾಗಲೆಲ್ಲ ಫೈರ್ ಅಲಾರಂ ಪ್ಯಾನೆಲ್‌ನಲ್ಲಿ ಕಮ್ಯುನಿಕೇಶನ್ ಫಾಲ್ಟ್ ಬರುತ್ತಿತ್ತು. ಲಿಫ್ಟ್ ನಿಂತರೆ ಅದೂ ಹೋಗುತ್ತಿತ್ತು. ನನಗಿಂತ ಮೊದಲು ಬಂದವರು ನಾಲ್ಕು ಡಿಟೆಕ್ಟರ್ ಬದಲಿಸಿದ್ದರು, ಲೂಪ್ ಕಾರ್ಡನ್ನೂ (ಡಿಟೆಕ್ಟರ್‌ಗಳನ್ನು ಸಾಲಾಗಿ ಜೋಡಿಸುವ ಕೇಬಲ್, ಅಂದರೆ ಲೂಪ್, ಪ್ಯಾನೆಲ್‌ಗೆ ಸೇರುವ ಕಾರ್ಡ್) ಬದಲಿಸಿದ್ದರು. ನಾನು ಪ್ಯಾನೆಲ್‌ನಿಂದ ಶುರು ಮಾಡಿ ಒಂದೊಂದೇ ಡಿಟೆಕ್ಟರ್ ಬೇಸ್ ಬಿಚ್ಚುತ್ತಾ ಹೋದೆ. ಏಳನೆಯ ಬಾಕ್ಸ್‌ನಲ್ಲಿ ಸಿಕ್ಕಿತು. ಒಳಗೆ ಬರುವ ಕೇಬಲ್‌ನ ಡ್ರೈನ್ ವೈರನ್ನು ಬುಡಕ್ಕೇ ಕತ್ತರಿಸಿದ್ದರು, ಮುಂದೆ ಹೋಗುವ ಕೇಬಲ್‌ನದ್ದು ಸ್ಲೀವ್ ಇಲ್ಲದೆ ಬಾಕ್ಸ್‌ನ ಲೋಹಕ್ಕೆ ಒತ್ತಿಕೊಂಡಿತ್ತು.

ಡ್ರೈನ್ ವೈರ್ ಅಂದರೆ ಶೀಲ್ಡ್ (ಕೇಬಲ್ ಒಳಗಿನ ತಂತಿಗಳನ್ನು ಸುತ್ತಿದ ಲೋಹದ ಹೊದಿಕೆ) ಹಾಳೆಯ ಉದ್ದಕ್ಕೂ ಅದಕ್ಕೆ ತಾಗಿಕೊಂಡೇ ಓಡುವ ಬರಿ ತಂತಿ. ಅದರಲ್ಲಿ ಸಿಗ್ನಲ್ ಇಲ್ಲ, ಹಾಗಾಗಿ ತುಂಬ ಜನ ಅದನ್ನು ಬೇಡದ ವಸ್ತು ಅಂದುಕೊಳ್ಳುತ್ತಾರೆ. ಆದರೆ ಹೊರಗಿನ ಗದ್ದಲ (ಲಿಫ್ಟ್ ಮೋಟರ್, ಪವರ್ ಕೇಬಲ್‌ಗಳಂಥವುಗಳಿಂದ ಬರುವ ವಿದ್ಯುತ್ ಅಡಚಣೆ) ಡೇಟಾ ತಂತಿಗೆ ತಲುಪುವ ಮೊದಲೇ ನೆಲಕ್ಕೆ ಇಳಿಯುವ ದಾರಿ ಅದೇ. ನಡುವೆ ಕತ್ತರಿಸಿದರೆ ಅಲ್ಲಿಂದ ಆಚೆಗಿನ ಶೀಲ್ಡ್ ಅನಾಥ, ಗದ್ದಲವನ್ನು ಹಿಡಿದು ಒಳಗಿನ ತಂತಿಗೇ ದಾಟಿಸುತ್ತದೆ.

"ಎರಡು ಮೂರು ಕಡೆ ಅರ್ಥಿಂಗ್ ಕೊಟ್ಟರೆ ಇನ್ನೂ ಒಳ್ಳೆಯದಲ್ವಾ?" ಅಂತ ಹೊಸ ಹುಡುಗರು ಕೇಳುತ್ತಾರೆ. ಅಲ್ಲ. ಕಟ್ಟಡದ ಎರಡು ಜಾಗದ ಅರ್ಥಿಂಗ್ ನಡುವೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ, ಎರಡೂ ಕಡೆ ಜೋಡಿಸಿದರೆ ಶೀಲ್ಡ್‌ನಲ್ಲೇ ಕರೆಂಟ್ ಹರಿಯಲು ಶುರುವಾಗುತ್ತದೆ, ಆಗ ಕಾಪಾಡಬೇಕಾದ ಶೀಲ್ಡೇ ಗದ್ದಲದ ಮೂಲ. ಸಾಮಾನ್ಯವಾಗಿ ಪ್ಯಾನೆಲ್ ಹತ್ತಿರ ಮಾತ್ರ ಜೋಡಿಸುತ್ತೇವೆ, ಎಲ್ಲಿಗೆ ಅನ್ನುವುದು ಆ ಪ್ಯಾನೆಲ್‌ನ ಮ್ಯಾನುಯಲ್‌ನಲ್ಲಿ ಇರುತ್ತದೆ. ಕೆಲವು ಪ್ಯಾನೆಲ್‌ಗಳು ಲೂಪ್‌ಗೆ ಶೀಲ್ಡ್ ಇಲ್ಲದ ತಿರುಚಿದ ಜೋಡಿಯನ್ನೇ ಕೇಳುತ್ತವೆ, ಕೇಬಲ್ ತರಿಸುವ ಮೊದಲೇ ಓದಿ. ಲೂಪ್ ತಿರುಗಿ ಪ್ಯಾನೆಲ್‌ಗೇ ಬರುವುದಾದರೆ, ಹೋಗುವ ತುದಿಯಲ್ಲಿ ಶೀಲ್ಡ್ ಜೋಡಿಸಿ, ಬರುವ ತುದಿಯನ್ನು ಮುಚ್ಚಿಬಿಡಿ.

ಪ್ರತಿ ಬಾಕ್ಸ್‌ನಲ್ಲೂ ಕೇಬಲ್ ಹೊದಿಕೆಯನ್ನು ಬೇಕಾದಷ್ಟೇ ಸುಲಿಯಿರಿ. ಎರಡೂ ಡ್ರೈನ್ ವೈರ್‌ಗೆ ಸ್ಲೀವ್ ಹಾಕಿ, ಒಂದಕ್ಕೊಂದು ಕನೆಕ್ಟರ್‌ನಲ್ಲಿ ಸೇರಿಸಿ, ಲೋಹಕ್ಕೆ ತಾಗದಂತೆ ಮಡಚಿಡಿ. ಕೊನೆಯ ಡಿಟೆಕ್ಟರ್ ಹತ್ತಿರ ತುದಿಗೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿ. ಪವರ್ ಕೇಬಲ್ ಜೊತೆ ಒಂದೇ ಪೈಪ್‌ನಲ್ಲಿ ಮಾತ್ರ ಎಳೆಯಬೇಡಿ, ಶೀಲ್ಡ್ ಇದೆ ಅಂತ ಧೈರ್ಯ ಬೇಡ.

ಡಿಟೆಕ್ಟರ್ ಹಾಕುವ ಮೊದಲು, ಪ್ಯಾನೆಲ್‌ಗೆ ಜೋಡಿಸುವ ಮೊದಲು, ಮಲ್ಟಿಮೀಟರ್ ತೆಗೆಯಿರಿ. ಶೀಲ್ಡ್‌ಗೂ ಅರ್ಥಿಂಗ್‌ಗೂ ನಡುವೆ ಓಪನ್ ಇರಬೇಕು, ಅಂದರೆ ಸಂಪರ್ಕವೇ ಇರಬಾರದು. ಶೀಲ್ಡ್‌ಗೂ ಎರಡು ಕೋರ್‌ಗಳಿಗೂ (ಒಳಗಿನ ಡೇಟಾ ತಂತಿಗಳಿಗೂ) ನಡುವೆ ಕೂಡ ಅಷ್ಟೇ. ಆಮೇಲೆ ದೂರದ ತುದಿಯಲ್ಲಿ ಡ್ರೈನ್ ವೈರನ್ನು ಒಂದು ಕೋರ್‌ಗೆ ಸೇರಿಸಿ, ಈ ತುದಿಯಲ್ಲಿ ಅಳೆಯಿರಿ. ಕಡಿಮೆ ಓಮ್ ತೋರಿಸಿದರೆ ಶೀಲ್ಡ್ ಎಲ್ಲೂ ತುಂಡಾಗಿಲ್ಲ, ಏನೂ ತೋರಿಸದಿದ್ದರೆ ಯಾವುದೋ ಬಾಕ್ಸ್‌ನಲ್ಲಿ ಬಿಟ್ಟುಹೋಗಿದೆ. ಅಳೆದ ಮೇಲೆ ಆ ಜೋಡಣೆ ಬಿಚ್ಚಲು ಮರೆಯಬೇಡಿ. 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಾಕುವುದಾದರೆ ಡಿಟೆಕ್ಟರ್, ಪ್ಯಾನೆಲ್ ಯಾವುದೂ ಜೋಡಿಸಿರಬಾರದು, ಸುಟ್ಟುಹೋಗುತ್ತವೆ.

ಲಿಫ್ಟ್ ಇದ್ದ ಆ ಕಟ್ಟಡದಲ್ಲಿ ಮುಂದೆ ಇನ್ನೂ ಎರಡು ಬಾಕ್ಸ್‌ನಲ್ಲಿ ಇದೇ ಕಥೆ. ಮೂರನ್ನೂ ಸೇರಿಸಿ, ಸ್ಲೀವ್ ಹಾಕಿ, ಲಿಫ್ಟನ್ನು ಮೇಲಿಂದ ಕೆಳಗೆ ಹತ್ತು ಸಲ ಓಡಿಸಿ ನೋಡಿದೆವು. ಪ್ಯಾನೆಲ್‌ನಲ್ಲಿ ಹಸಿರು ದೀಪ ಹಾಗೇ ಇತ್ತು. ಶೀಲ್ಡ್ ಯಾವ ಟರ್ಮಿನಲ್‌ನಲ್ಲಿ ಕೂತಿದೆ ಅಂತ ಬಾಗಿಲಿನ ಒಳಗೆ ಬರೆದು ಅಂಟಿಸಿ ಬಂದೆ.