ನೀಡಲ್ ಫಿಶ್‌ಗೆ ಮನೆಯದೇ ಮೇವು: ಟೆರೇಸಿನ ಗಪ್ಪಿ ಬಾಕ್ಸ್‌ಗಳು

ಜನವರಿ

ನಮ್ಮ ನಾಲ್ಕಡಿ ಟ್ಯಾಂಕಿನಲ್ಲಿ ಒಂದು ಜೋಡಿ ನೀಡಲ್ ಫಿಶ್ ಇವೆ. ಉದ್ದ ಮೂತಿ, ಸಣ್ಣ ಚೂಪು ಹಲ್ಲು, ಯಾವಾಗಲೂ ನೀರಿನ ಮೇಲ್ಭಾಗದಲ್ಲೇ ಓಡಾಟ. ನಮ್ಮ ದೇಶದ ಹೊಳೆಗಳಲ್ಲೇ ಇರುವ ಮೀನು. ಪೆಲೆಟ್ (ಒಣ ಗುಳಿಗೆ ಮೇವು) ಹಾಕಿದರೆ ತಿರುಗಿಯೂ ನೋಡಲ್ಲ. ಎದುರಿಗೆ ಏನಾದರೂ ಜೀವಂತವಾಗಿ ಓಡಾಡಬೇಕು, ಆಗಲೇ ಬಾಯಿ ಹಾಕುವುದು.

ಅಂಗಡಿಗಳಲ್ಲಿ ಮೇವಿಗೆ ಅಂತಲೇ ಮಾರುವ ಸಣ್ಣ ಗೋಲ್ಡ್ ಫಿಶ್ ನನಗೆ ಬೇಡ. ಒಂದೇ ತೊಟ್ಟಿಯಲ್ಲಿ ಕಿಕ್ಕಿರಿದು ಬೆಳೆದ ಮೀನು ಅದು. ಬಿಳಿ ಚುಕ್ಕೆ ರೋಗ, ಹೊಟ್ಟೆಹುಳು ಎಲ್ಲವೂ ಅದರ ಜೊತೆಗೇ ಮನೆಗೆ ಬರಬಹುದು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಗೋಲ್ಡ್ ಫಿಶ್ ಮೈಯಲ್ಲಿ ಥಯಾಮಿನೇಸ್ ಅನ್ನುವ ಕಿಣ್ವ ಇರುತ್ತದೆ, ಅದು ವಿಟಮಿನ್ ಬಿ1 ಅನ್ನು ಹಾಳು ಮಾಡುತ್ತದೆ. ಬರೀ ಅದನ್ನೇ ತಿಂಗಳುಗಟ್ಟಲೆ ತಿಂದ ಮೀನು, ಹೊಟ್ಟೆ ತುಂಬಿದ್ದರೂ ಸೊರಗುತ್ತದೆ. ಗಪ್ಪಿ ಅನ್ನುವ ಪುಟ್ಟ ಮೀನಿನಲ್ಲಿ ಈ ಕಾಟ ಇಲ್ಲ.

ಹಾಗಾಗಿ ಗಪ್ಪಿ ಸಾಕಲು ಶುರು ಮಾಡಿದ್ದೇನೆ. ದೊಡ್ಡ ಬಾಲದ ದುಬಾರಿ ತಳಿಗಳಲ್ಲ, ಸಾದಾ ಮಿಶ್ರ ಗಪ್ಪಿ. ಗಟ್ಟಿ ಜೀವ. ತಂದ ಮೀನನ್ನು ಮೊದಲು ಬೇರೆ ಟಬ್ಬಿನಲ್ಲೇ ಇಟ್ಟು ಕೆಲವು ವಾರ ಗಮನಿಸುತ್ತಿದ್ದೇನೆ. ಮುಖ್ಯವಾಗಿ ನೋಡುವುದು ಹೊಟ್ಟೆಯ ಹಿಂತುದಿಯನ್ನು. ಅಲ್ಲಿಂದ ಕೆಂಪು ನೂಲಿನಂಥದ್ದು ಇಣುಕಿದರೆ ಅದು ಕಮಲಾನಸ್ ಅನ್ನುವ ಹೊಟ್ಟೆಹುಳು. ಅಂಥ ಮೀನಿನಿಂದ ಮೇವು ಬೆಳೆಸುವ ಹಾಗಿಲ್ಲ.

ಅವರೆಕಾಯಿ ಸೀಸನ್ನಿನ ಚಳಿ ಈಗ. ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ, ಗಪ್ಪಿಗೆ ಅದು ಜಾಸ್ತಿಯೇ ತಂಪು. ಅದಕ್ಕೇ ಪ್ಲಾಸ್ಟಿಕ್ ಟಬ್ ಬಿಟ್ಟು ಥರ್ಮಾಕೋಲ್ ಬಾಕ್ಸ್ ಆರಿಸಿಕೊಂಡೆ. ನೀರು ಬೇಗ ತಣ್ಣಗಾಗಲ್ಲ, ಬೇಸಿಗೆಯಲ್ಲಿ ಬೇಗ ಕಾಯುವುದೂ ಇಲ್ಲ. ರಾತ್ರಿ ಮುಚ್ಚಳವನ್ನು ಒಂದಿಷ್ಟು ಸಂದಿ ಬಿಟ್ಟು ಮುಚ್ಚುತ್ತೇನೆ.

ಮಾರ್ಚ್

ಬೋರ್‌ವೆಲ್ ನೀರು ಗಡಸು ಅಂತ ಬೆಂಗಳೂರಲ್ಲಿ ಬೈಯದವರಿಲ್ಲ. ಗೀಸರ್‌ಗೆ, ಕೂದಲಿಗೆ ಅದು ಒಳ್ಳೆಯದಲ್ಲ, ನಿಜ. ಗಪ್ಪಿಗೆ ಮಾತ್ರ ಗಡಸು ನೀರೇ ಹಿತ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಆಮೇಲೆ ಬಳಸುತ್ತೇನೆ. ತೆಗೆದ ಹಳೇ ನೀರೆಲ್ಲ ದಾಸವಾಳದ ಕುಂಡಗಳಿಗೆ. 2024ರ ಬೇಸಿಗೆಯಲ್ಲಿ ಈ ಊರಿನಲ್ಲಿ ಟ್ಯಾಂಕರ್‌ಗೆ ಕಾದವರು ಯಾರೂ ನೀರು ಚೆಲ್ಲಲಾರರು.

ಮರಿಗಳು ಬರತೊಡಗಿವೆ! ಗಪ್ಪಿ ಮೊಟ್ಟೆ ಇಡಲ್ಲ, ನೇರ ಮರಿಯೇ ಹಾಕುತ್ತದೆ. ನೀರು ಬೆಚ್ಚಗಿದ್ದರೆ ಹೆಚ್ಚುಕಮ್ಮಿ ನಾಲ್ಕು ವಾರಕ್ಕೊಮ್ಮೆ. ಒಮ್ಮೆ ಗಂಡಿನ ಜೊತೆ ಕೂಡಿದ ಹೆಣ್ಣು ಅದೇ ವೀರ್ಯವನ್ನು ಒಳಗೆ ಉಳಿಸಿಕೊಂಡು, ಮತ್ತೆ ಗಂಡಿಲ್ಲದೆಯೂ ಹಲವು ಸಲ ಮರಿ ಹಾಕಬಲ್ಲದು. ಗಬ್ಬದ ಹೆಣ್ಣಿನ ಹೊಟ್ಟೆ ಪಕ್ಕದಿಂದ ನೋಡಿದರೆ ಚೌಕವಾಗಿ ಕಾಣುತ್ತದೆ, ಹಿಂದಿನ ಕಪ್ಪು ಕಲೆ ದಟ್ಟವಾಗುತ್ತದೆ. ಬೆಳಿಗ್ಗೆ ಬಿಸಿಲು ಓರೆಯಾಗಿ ಬಿದ್ದಾಗ ನೋಡಿದರೆ ಆ ಕಲೆಯೊಳಗೆ ಮರಿಗಳ ಕಣ್ಣುಗಳೇ ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ. ನನಗೆ ಇದನ್ನು ಎಷ್ಟು ಸಲ ನೋಡಿದರೂ ಸಾಕಾಗುವುದಿಲ್ಲ. ಹುಟ್ಟಿದ ಮರಿ ಸುರುಳಿ ಬಿಚ್ಚಿಕೊಂಡು ಒಂದು ಕ್ಷಣ ತಳಕ್ಕಿಳಿಯುತ್ತದೆ, ಆಮೇಲೆ ಚಂಗನೆ ಜಾವಾ ಮಾಸ್ ಅನ್ನುವ ನೀರಿನ ಹಾವಸೆಯೊಳಗೆ ನುಗ್ಗುತ್ತದೆ.

ನುಗ್ಗಲೇಬೇಕು, ಯಾಕೆಂದರೆ ಹೆತ್ತವಳೇ ತಿಂದುಬಿಡುತ್ತಾಳೆ. ಹಾಗಂತ ಗಬ್ಬದ ಮೀನನ್ನು ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂಡಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಇಕ್ಕಟ್ಟಿಗೆ ಗಾಬರಿಯಾಗಿ ಮರಿ ಹಾಕುವುದನ್ನೇ ತಡಮಾಡುತ್ತದೆ. ಬಾಕ್ಸಿನ ಅರ್ಧದಷ್ಟು ಮಾಸ್ ಮತ್ತು ಗಪ್ಪಿ ಗ್ರಾಸ್ ಅನ್ನುವ ನೀರುಗಿಡ ತುಂಬಿಸಿ, ದೊಡ್ಡ ಮೀನುಗಳಿಗೆ ಹೊಟ್ಟೆ ತುಂಬ ಮೇವು ಹಾಕಿದರೆ ಬೇಕಾದಷ್ಟು ಮರಿ ಉಳಿಯುತ್ತವೆ.

ಮೇ

ಮೊದಲ ಮರಿಗಳು ಈಗ ಮೇವಿನ ಅಳತೆಗೆ ಬಂದಿವೆ.

ಸಂಜೆ ಟ್ಯಾಂಕಿಗೆ ಒಂದು ಗಂಡು ಗಪ್ಪಿ ಬಿಟ್ಟೆ. ನೀಡಲ್ ಫಿಶ್ ಅಟ್ಟಿಸಿಕೊಂಡು ಹೋಗಲಿಲ್ಲ. ನಿಂತಲ್ಲೇ ಮೈಯನ್ನು ಸ್ವಲ್ಪ ಬಾಗಿಸಿ, ತಲೆಯನ್ನು ಪಕ್ಕಕ್ಕೆ ಬೀಸಿತು ಅಷ್ಟೆ. ಗಪ್ಪಿ ಮೂತಿಯ ನಡುವೆ ಅಡ್ಡಡ್ಡ ಸಿಕ್ಕಿತ್ತು. ಅದನ್ನು ಹಾಗೇ ಹಿಡಿದು, ಸ್ವಲ್ಪ ಸ್ವಲ್ಪವೇ ತಿರುಗಿಸಿ, ತಲೆ ಒಳಮುಖ ಮಾಡಿಕೊಂಡು ನುಂಗಿತು.

ಈ ಕೆಲಸದಲ್ಲಿ ನಿಜವಾದ ಕಸುಬು ಇರುವುದು ಯಾವ ಗಪ್ಪಿಯನ್ನು ಕೊಡಬೇಕು, ಯಾವುದನ್ನು ಉಳಿಸಬೇಕು ಅನ್ನುವುದರಲ್ಲಿ. ಬಲೆ ಹಾಕಿದರೆ ಮೊದಲು ಸಿಗುವುದು ತೂಕದ, ನಿಧಾನಗತಿಯ ದೊಡ್ಡ ಹೆಣ್ಣುಗಳು. ಅವನ್ನೇ ಕೊಡುತ್ತಾ ಹೋದರೆ ಬಾಕ್ಸ್ ಖಾಲಿಯಾಗಲು ಜಾಸ್ತಿ ದಿನ ಬೇಡ, ಯಾಕೆಂದರೆ ಹೆಣ್ಣು ದೊಡ್ಡದಾದಷ್ಟೂ ಒಂದು ಸಲಕ್ಕೆ ಹಾಕುವ ಮರಿ ಹೆಚ್ಚು. ನಾನು ಹೆಚ್ಚುವರಿ ಗಂಡುಗಳನ್ನು ಮತ್ತು ಮಧ್ಯಮ ಅಳತೆಯ ಮರಿಗಳನ್ನು ತೆಗೆಯುತ್ತೇನೆ. ದೊಡ್ಡ ಹೆಣ್ಣುಗಳನ್ನು ಮುಟ್ಟುವುದಿಲ್ಲ.

ಕೊಡುವ ಮುಂಚೆ ಗಪ್ಪಿಗಳಿಗೆ ಚೆನ್ನಾಗಿ ತಿನ್ನಿಸುತ್ತೇನೆ: ಸ್ಪಿರುಲಿನಾ ಪುಡಿ, ಸೊಳ್ಳೆ ಮರಿ, ಬೇಯಿಸಿದ ಬಟಾಣಿಯ ತಿರುಳು. ಗಪ್ಪಿಯ ಹೊಟ್ಟೆಯಲ್ಲಿ ಇರುವುದೇ ನೀಡಲ್ ಫಿಶ್‌ಗೂ ಸೇರುವುದು, ಅಲ್ವಾ? ಮೇವಿನ ಮೀನು ತಾನೇ ಅಂತ ಅವನ್ನು ಕೊಳಕು ನೀರಿನಲ್ಲಿ ಇಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬದುಕಿರುವಷ್ಟು ದಿನ ಅದೂ ಚೆನ್ನಾಗಿಯೇ ಬದುಕಬೇಕು.

ಜುಲೈ

ಒಂದು ಬಾಕ್ಸಿನಲ್ಲಿ ಮರಿಗಳು ದಿನೇ ದಿನೇ ಕಡಿಮೆಯಾಗುತ್ತಿದ್ದವು. ರೋಗದ ಲಕ್ಷಣವೇನೂ ಇಲ್ಲ, ಸತ್ತ ಮೀನೂ ಇಲ್ಲ. ಮಾಸ್ ಎತ್ತಿ ಬಿಳಿ ತಟ್ಟೆಯಲ್ಲಿ ಜಾಲಾಡಿಸಿದಾಗ ಕಂದು ಬಣ್ಣದ ಆರು ಕಾಲಿನ ಹುಳು ಸಿಕ್ಕಿತು. ಏರೋಪ್ಲೇನ್ ಚಿಟ್ಟೆಯ ಮರಿ. ಗಲ್ಲದ ಕೆಳಗೆ ಮಡಚಿಟ್ಟ ಕೊಂಡಿಯನ್ನು ಚಾಚಿ ಮೀನುಮರಿ ಹಿಡಿಯುತ್ತದೆ. ಈಗ ಬಾಕ್ಸುಗಳಿಗೆಲ್ಲ ಸೊಳ್ಳೆಪರದೆ ಬಟ್ಟೆ ಕಟ್ಟಿದ್ದೇನೆ, ಮೇಲೆ ಶೇಡ್ ನೆಟ್.

ಮಳೆಗೆ ಇನ್ನೊಂದು ಏರ್ಪಾಡು: ಪ್ರತಿ ಬಾಕ್ಸಿನ ಅಂಚಿನ ಕೆಳಗೆ ತೂತು ಕೊರೆದು, ಒಳಗಡೆಯಿಂದ ಜಾಲರಿ ಅಂಟಿಸಿದ್ದೇನೆ. ಹೆಚ್ಚಿನ ನೀರು ಹೋಗಬೇಕು, ಮೀನು ಹೋಗಬಾರದು. ಗಪ್ಪಿ ನಮ್ಮ ಮೀನಲ್ಲ, ದಕ್ಷಿಣ ಅಮೆರಿಕದ್ದು. ಕೋಲಾರದ ಹಳ್ಳಿಗಳಲ್ಲಿ ಮಲೇರಿಯಾ ತಡೆಯಲು ಇದನ್ನು ಬಾವಿಗಳಿಗೆ ಬಿಟ್ಟದ್ದುಂಟು, ಅಲ್ಲಿ ಅದಕ್ಕೊಂದು ಲೆಕ್ಕಾಚಾರ ಇತ್ತು. ನಾವು ಸುಮ್ನೆ ರಾಜಕಾಲುವೆಗೋ ಕೆರೆಗೋ ಬಿಟ್ಟರೆ ಅಲ್ಲಿನ ಸಣ್ಣ ಮೀನುಗಳ ಮೇವಿಗೇ ಕುತ್ತು. ಉಳಿದದ್ದನ್ನು ಸಾಕುವವರಿಗೆ ಕೊಡಿ, ನೀರಿಗೆ ಮಾತ್ರ ಬಿಡಬೇಡಿ.

ಮುಂದಿನ ಕೆಲಸ ಚಳಿಗೆ ಮುಂಚೆ ಮುಗಿಯಬೇಕು. ಒಳ್ಳೆಯ ಹೆಣ್ಣುಗಳಲ್ಲಿ ಕೆಲವನ್ನು ಒಂದೆರಡು ಗಂಡಿನ ಜೊತೆ ಮನೆಯೊಳಗಿನ ಎರಡಡಿ ಟ್ಯಾಂಕಿಗೆ ತರುತ್ತೇನೆ. ಸ್ಪಾಂಜ್ ಫಿಲ್ಟರ್ ಈಗಾಗಲೇ ಓಡುತ್ತಿದೆ, ಹೀಟರ್ ತರಬೇಕು.