ಹೆಲ್ಮೆಟ್ ಹಾಕಿ ಗುದ್ದಾಡೋಕೆ ಕೋಚ್ ಯಾಕೆ?

ಅಮೆರಿಕನ್ ಫುಟ್‌ಬಾಲ್ ನೋಡ್ತೀನಿ ಅಂದ ತಕ್ಷಣ ಎಲ್ಲರೂ ಕೇಳೋದು ಇದನ್ನೇ: "ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋ ಆಟ, ಅದ್ರಲ್ಲಿ ಕೋಚ್‌ಗೆ ಏನು ಕೆಲಸ?" ನಾನು ಹೇಳೋದು ಒಂದೇ ಹೆಸರು, ಬಿಲ್ ವಾಲ್ಶ್.

ಆಟದ ಲೆಕ್ಕ ಸುಲಭ. ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಆಗಿನ ತಂಡಗಳು ಜಾಸ್ತಿ ಮಾಡುತ್ತಿದ್ದದ್ದು ಚೆಂಡು ಹಿಡಿದು ನುಗ್ಗೋದು, ಅದು ನಡೆಯದಿದ್ದರೆ ದೂರಕ್ಕೆ ಎಸೆಯೋದು. 1969ರಲ್ಲಿ ವಾಲ್ಶ್ ಸಿನ್ಸಿನಾಟಿ ಬೆಂಗಾಲ್ಸ್ ತಂಡದ ಸಹಾಯಕ ಕೋಚ್. ಅಲ್ಲಿದ್ದ ಗ್ರೆಗ್ ಕುಕ್ ಅನ್ನೋ ಹೊಸ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ಆಟ ನಡೆಸುವವನು) ಭಾರಿ ದೂರ ಎಸೆಯಬಲ್ಲವನು, ಅದೇ ವರ್ಷ ಅವನ ಭುಜಕ್ಕೆ ಪೆಟ್ಟಾಯಿತು. ಮುಂದಿನ ವರ್ಷ ಆ ಜಾಗಕ್ಕೆ ಬಂದ ವರ್ಜಿಲ್ ಕಾರ್ಟರ್‌ಗೆ ತೋಳಲ್ಲಿ ಅಷ್ಟು ಬಲ ಇರಲಿಲ್ಲ, ಆದರೆ ಗುರಿ ಚೆನ್ನಾಗಿತ್ತು, ತಲೆ ಚುರುಕು. ಇರೋದ್ರಲ್ಲೇ ಸಂಸಾರ ಮಾಡಬೇಕು ಅಲ್ವಾ? ವಾಲ್ಶ್ ಅವನಿಗೆ ತಕ್ಕಂತೆ ಹತ್ತಿರದ ಎಸೆತಗಳ ಆಟ ಕಟ್ಟಿದರು.

ಕ್ವಾರ್ಟರ್‌ಬ್ಯಾಕ್ ಹಿಂದಕ್ಕೆ ಮೂರೋ ಐದೋ ಹೆಜ್ಜೆ ಇಡುತ್ತಾನೆ. ಕೊನೆಯ ಹೆಜ್ಜೆ ಊರಿದ ಕೂಡಲೇ ಚೆಂಡು ಕೈಬಿಡಬೇಕು. ಹಿಡಿಯುವವನು ಇನ್ನೂ ತಿರುಗಿಯೇ ಇರುವುದಿಲ್ಲ, ಅವನು ಬಂದು ಸೇರಬೇಕಾದ ಜಾಗಕ್ಕೇ ಎಸೆತ, ಅವನು ವೇಗ ಕಮ್ಮಿ ಮಾಡದೆ ಚೆಂಡು ಹಿಡಿದು ಹಾಗೇ ಓಡುತ್ತಿರಬೇಕು. ಅವನಿಗೆ ಎದುರಾಳಿ ಅಂಟಿಕೊಂಡಿದ್ದರೆ ಎರಡನೆಯವನು, ಆಮೇಲೆ ಮೂರನೆಯವನು. ಯಾರ ಕಡೆ ಯಾವಾಗ ನೋಡಬೇಕು ಅನ್ನೋದೂ ಮೊದಲೇ ನಿಗದಿ. ಪಂದ್ಯದ ಮೊದಲ 15 ಪ್ರಯತ್ನಗಳಲ್ಲಿ, ಆಮೇಲಾಮೇಲೆ 25ರಲ್ಲಿ, ಏನೇನು ಮಾಡಬೇಕು ಅನ್ನೋದನ್ನು ವಾಲ್ಶ್ ಮುಂಚೆಯೇ ಬರೆದಿಟ್ಟುಕೊಳ್ಳುತ್ತಿದ್ದರು. ಅಷ್ಟು ಗದ್ದಲದಲ್ಲಿ ನಿಂತು ಯೋಚನೆ ಮಾಡಲು ಅವರಿಗೆ ಇಷ್ಟ ಇರಲಿಲ್ಲ, ನನಗೆ ಇದೇ ತುಂಬಾ ಹಿಡಿಸಿದ್ದು.

ಬೆಂಗಾಲ್ಸ್‌ನಲ್ಲಿ ಮುಖ್ಯ ಕೋಚ್ ಹುದ್ದೆ ಖಾಲಿಯಾದಾಗ ಅದು ಸಿಕ್ಕಿದ್ದು ಬೇರೆಯವರಿಗೆ. ವಾಲ್ಶ್ ಹೊರಟರು. 1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡಕ್ಕೆ ಮುಖ್ಯ ಕೋಚ್ ಆಗಿ ಸೇರಿದ ಮೊದಲ ವರ್ಷ 16 ಪಂದ್ಯಗಳಲ್ಲಿ 14 ಸೋಲು! ಆದರೆ ಅದೇ ವರ್ಷ ಹೊಸ ಆಟಗಾರರನ್ನು ಆರಿಸೋ ಡ್ರಾಫ್ಟ್‌ನ ಮೂರನೇ ಸುತ್ತಿನಲ್ಲಿ ಜೋ ಮೊಂಟಾನಾ ಅನ್ನೋ ಕ್ವಾರ್ಟರ್‌ಬ್ಯಾಕನ್ನು ಆರಿಸಿಕೊಂಡಿದ್ದರು. 1982ರ ಜನವರಿಯಲ್ಲಿ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದರು. ಸೋತವರು ಯಾರು ಗೊತ್ತಾ? ಬೆಂಗಾಲ್ಸ್. ಮುಂದೆ ಇನ್ನೂ ಎರಡು ಸೂಪರ್ ಬೌಲ್ ಬಂದವು, ಕೊನೆಯದರಲ್ಲಿ ಸೋತದ್ದೂ ಅದೇ ಬೆಂಗಾಲ್ಸ್.

ಅವರ ಸಹಾಯಕರಾಗಿದ್ದ ಮೈಕ್ ಹೋಮ್‌ಗ್ರೆನ್ ಗ್ರೀನ್ ಬೇ ತಂಡಕ್ಕೆ ಸೂಪರ್ ಬೌಲ್ ಗೆಲ್ಲಿಸಿದರು, ಹೋಮ್‌ಗ್ರೆನ್ ಕೈಕೆಳಗೆ ಕಲಿತ ಆಂಡಿ ರೀಡ್ ಕ್ಯಾನ್ಸಸ್ ಸಿಟಿ ತಂಡಕ್ಕೆ. ಇದನ್ನೆಲ್ಲ ಎಲ್ಲರೂ ಹೇಳುತ್ತಾರೆ. ಕಪ್ಪು ಜನರನ್ನು ಮುಖ್ಯ ಕೋಚ್ ಮಾಡದ ಕಾಲದಲ್ಲಿ, 1987ರಲ್ಲಿ, ಅಂಥವರನ್ನು ತರಬೇತಿ ಶಿಬಿರಕ್ಕೆ ಕರೆದು ಕೆಲಸ ಕಲಿಸಲು ವಾಲ್ಶ್ ಶುರು ಮಾಡಿದ್ದನ್ನು ನಾನು ಮೂರು ಕಪ್‌ಗಿಂತ ಮೇಲಿಡುತ್ತೇನೆ. ಈಗ ಅದು ಇಡೀ ಲೀಗ್‌ನ ಯೋಜನೆ, ಅವರ ಹೆಸರಲ್ಲೇ ನಡೆಯುತ್ತಿದೆ.